ಕನಕಾಂಬರಕ್ಕೆ ರಜೆಯಿಲ್ಲ

ನಾನು ಕೆಲಸ ಮಾಡಿದ ಇಲಾಖೆಯ ಹೆಸರು ಇಲ್ಲಿ ಬೇಡ. ಗಿಡಮರಗಳಿಗೆ ಸಂಬಂಧಪಟ್ಟದ್ದು ಎಂದು ತಿಳಿದರೆ ಸಾಕು. ಆ ಸಂಬಂಧ ಗಿಡಮರಗಳಿಗೂ ಗೊತ್ತಿತ್ತೋ ಇಲ್ಲವೋ ನನಗೆ ಖಾತ್ರಿಯಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ನಡುವೆ ನನ್ನನ್ನು ಚೌಕಾಬಾರದ ಕಾಯಿಯ ಹಾಗೆ ನಡೆಸಿ ನಡೆಸಿ, ಕೊನೆಗೆ ಹಣ್ಣು ಮಾಡಿ ಮನೆಗೆ ಕಳಿಸಿದರು. ಬಡ್ತಿಯ ವಿಷಯ ಬರೆಯುವುದಿಲ್ಲ. ಅದು ಬಂದದ್ದೇ ತಡವಾಗಿ. ಬಂದ ಮೇಲೂ ಮಾಡುವ ಕೆಲಸ ಬದಲಾಗಲಿಲ್ಲ, ಕೂರುವ ಕುರ್ಚಿಗೆ ಕೈಗಳು ಬಂದವು, ಅಷ್ಟೆ.

ಈಚೆಗೆ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಯಾರಿಂದಲೋ ನನ್ನ ನಂಬರ್ ಪಡೆದು ಫೋನ್ ಮಾಡುತ್ತಾರೆ. "ಮೇಡಂ, ಫೀಲ್ಡ್ ಹೇಗಿರತ್ತೆ?" ಎಂದು ಕೇಳುತ್ತಾರೆ. ಅವರ ಓದಿನ ಮೇಲೆ ನನಗೆ ಗೌರವವಿದೆ. ಕಸಿ ಕಟ್ಟುವುದು ಗೊತ್ತು, ಮಣ್ಣು ಪರೀಕ್ಷೆ ಗೊತ್ತು, ರೋಗಗಳ ಹೆಸರು ಬಾಯಿಪಾಠ. ಆದರೆ ಈ ಕೆಲಸದಲ್ಲಿ ಗಿಡಗಳಿಗಿಂತ ಹೆಚ್ಚು ಹೊತ್ತು ಮನುಷ್ಯರ ಜೊತೆ ಕಳೆಯಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಲ್ಲ. ಗಿಡಕ್ಕೆ ಗೊಬ್ಬರ ಹಾಕಿದರೆ ಚಿಗುರುತ್ತದೆ. ಮೇಲಧಿಕಾರಿಗಳ ಬಗ್ಗೆ ಅಂಥ ಭರವಸೆ ಕೊಡಲಾರೆ.

ನನ್ನ ಮೊದಲ ಪೋಸ್ಟಿಂಗ್ ಪಾವಗಡ. ಹೊಸ ಮನೆ ಕಟ್ಟಿಸಿದ್ದ ಮೇಷ್ಟ್ರೊಬ್ಬರು ಕಚೇರಿಗೆ ಬಂದರು. ಅಂಗಳದಲ್ಲಿ ಒಂದು ಗಿಡಕ್ಕಷ್ಟೇ ಜಾಗವಿತ್ತಂತೆ.

"ಹೂವಿಂದು ಹಾಕೋದಾಮ್ಮ, ಮರ ಹಾಕೋದಾ? ಸಾಯಂತ್ರ ಕುರ್ಚಿ ಹಾಕ್ಕಂಡು ಕೂತ್ಕಳಾಕೆ ನಂಗೆ ನೀಡ ಬೇಕು."

ನೀಡ ಎಂದರೆ ತೆಲುಗಿನಲ್ಲಿ ನೆರಳು. ಆ ಕಡೆಯ ಕನ್ನಡಕ್ಕೆ ತೆಲುಗು ಕೇಳದೆಯೇ ಬಂದು ಸೇರಿಕೊಳ್ಳುತ್ತದೆ. ನಾನು ಹೊಸದಾಗಿ ಓದಿ ಬಂದವಳು, ಕೇಳುವವರು ಸಿಕ್ಕಿದ್ದೇ ಭಾಗ್ಯವೆಂದು ಪಾಠ ಶುರುಮಾಡಿದೆ. ಬಹುವಾರ್ಷಿಕ ಹೂಗಿಡ ಬೇಗ ಹೂ ಕೊಡುತ್ತದೆ, ಕತ್ತರಿಸಿದರೂ ಮತ್ತೆ ಚಿಗುರುತ್ತದೆ, ಆದರೆ ಆರೈಕೆ ಬೇಡುತ್ತದೆ. ನಿತ್ಯಹಸಿರು ಮರ ನಿಧಾನ, ಆದರೆ ಒಮ್ಮೆ ಬೇರು ಹಿಡಿದರೆ ವರ್ಷವಿಡೀ ನೆರಳು, ತಲೆಮಾರು ನಿಲ್ಲುತ್ತದೆ. ಮೇಷ್ಟ್ರು ವಿದ್ಯಾರ್ಥಿಯ ಹಾಗೆ ಕೇಳಿ, "ಹಂಗಾದ್ರೆ ಮರಾನೇ ಕೊಡಮ್ಮ" ಎಂದರು. ನಾನು ಒಳಗೆ ಹೋಗಿ ಸಾಹೇಬರಿಗೆ ಹೇಳಿದೆ.

"ಈ ಸಲ ಲಾರಿಯಲ್ಲಿ ಬಂದಿರೋದು ಕಣಗಿಲೆ. ಅವರಿಗೆ ಕಣಗಿಲೆ ಒಳ್ಳೇದು" ಎಂದರು ಸಾಹೇಬರು.

"ಸರ್, ಅವರಿಗೆ ನೆರಳು ಬೇಕಂತೆ."

"ಕಣಗಿಲೆಗೂ ನೆರಳಿರತ್ತಲ್ಲಮ್ಮ, ಅದರ ಅಳತೆಗೆ ತಕ್ಕಷ್ಟು."

ಮರುವರ್ಷ ಆ ಬೀದಿಯಲ್ಲಿ ಹೋಗುವಾಗ ನೋಡಿದೆ. ಕಣಗಿಲೆ ಕೆಂಪಗೆ ಮೈತುಂಬ ಹೂಬಿಟ್ಟಿತ್ತು. ಪಕ್ಕದಲ್ಲಿ ಮೇಷ್ಟ್ರು ಕುರ್ಚಿ ಹಾಕಿಕೊಂಡು, ಬಿಚ್ಚಿದ ಕೊಡೆ ಹೆಗಲಿಗಾನಿಸಿಕೊಂಡು ಪೇಪರ್ ಓದುತ್ತಿದ್ದರು. "ಬಾಗುಂದಮ್ಮ, ಚೆಂದೈತೆ ನಿಮ್ಮ ಗಿಡ! ಮೇಕೆ ಮುಟ್ಟಾಕಿಲ್ಲ, ಹೂವು ನಿಲ್ಲಾಕಿಲ್ಲ. ನೀಡ ಮಾತ್ರ ನಾನೇ ತಂದ್ಕಳ್ತೀನಿ" ಎಂದು ಕೊಡೆ ಅಲ್ಲಾಡಿಸಿದರು. ಹೂಗಿಡವೋ ಮರವೋ ಎಂಬ ಪ್ರಶ್ನೆಗೆ ಇಲಾಖೆಯ ಉತ್ತರ ಎಲ್ಲಿಂದ ಬರುತ್ತದೆ ಎಂಬುದು ಅಂದು ನನಗೆ ತಿಳಿಯಿತು. ಲಾರಿಯಿಂದ ಬರುತ್ತದೆ.

ಆ ಕಾಲದಲ್ಲಿ ನೆಟ್ಟ ಗಿಡ ಬದುಕಿದೆಯೇ ಎಂದು ನೋಡಲು ನಡೆದೇ ಹೋಗಬೇಕಿತ್ತು. ಆಮೇಲೆ ಮೊಬೈಲ್ ಬಂತು. ಗಿಡದ ಮುಂದೆ ನಿಂತು ಫೋಟೋ ತೆಗೆದರೆ ಜಾಗ, ಹೊತ್ತು ಎಲ್ಲ ಅದರ ಮೇಲೇ ಮೂಡುತ್ತದೆ. ಫೋಟೋ ಮೇಲಕ್ಕೆ ಹೋಯಿತೆಂದರೆ ಗಿಡ ಬದುಕಿದೆ ಎಂದು ಅರ್ಥ. ನಾನು ಶಿರಾದಲ್ಲಿದ್ದಾಗ ಪಟ್ಟನಾಯಕನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಅಲ್ಲಿ ನಾವು ನೆಡಿಸಿದ ಮಾವಿನ ತೋಪು ಸೊಂಪಾಗಿ ಬೆಳೆದು ಕಾಯಿ ಬಿಡುತ್ತಿದೆ. ಇಲಾಖೆಯ ಪ್ರಕಾರ ಅದು ಸತ್ತು ಬಹಳ ದಿನವಾಯಿತು.

ಇಷ್ಟೆಲ್ಲ ವಿದ್ಯೆ ಕಲಿತು ಕೊನೆಯ ಪೋಸ್ಟಿಂಗಿಗೆ ಕೊರಟಗೆರೆ ಕಡೆಯ ನಮ್ಮದೊಂದು ಸಸಿತೋಟಕ್ಕೆ ಬಂದೆ. ಕಚೇರಿಯ ಮೆಟ್ಟಿಲ ಮೇಲೆ ನಿಂತರೆ ದೂರದಲ್ಲಿ ಚನ್ನರಾಯನದುರ್ಗದ ಬೆಟ್ಟ ಕಾಣುತ್ತಿತ್ತು, ಹತ್ತಿರದಲ್ಲಿ ನರಸಮ್ಮನ ಬೆನ್ನು ಕಾಣುತ್ತಿತ್ತು. ಅವಳು ಯಾವಾಗಲೂ ಬಗ್ಗಿಕೊಂಡೇ ಇರುತ್ತಿದ್ದುದರಿಂದ ಮುಖ ಪರಿಚಯವಾಗಲು ಸ್ವಲ್ಪ ದಿನ ಹಿಡಿಯಿತು.

ನರಸಮ್ಮ ದಿನಗೂಲಿ. ತವರು ಪಾವಗಡದ ವಳ್ಳೂರು ಕಡೆ, ಕೊಟ್ಟಿದ್ದು ಇಲ್ಲಿಗೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಮಾತಿನಲ್ಲಿ ಎಲ್ಲರಿಗಿಂತ ದೊಡ್ಡವಳು. ಕಚೇರಿಯ ಮುಂದಿನ ಉದ್ದನೆಯ ಮಡಿಯ ತುಂಬ ಕನಕಾಂಬರ ಬೆಳೆಸಿದ್ದಳು. ಕನಕಾಂಬರವನ್ನು ಮುಡಿದು ಮಾತ್ರ ಗೊತ್ತಿರುವವರಿಗಾಗಿ ಹೇಳುತ್ತೇನೆ. ಅದರ ಹೂ ಹಸಿರು ತೆನೆಯ ಸುತ್ತ ಅರಳುತ್ತದೆ. ದಿನ ಬಿಟ್ಟು ದಿನ, ಬಿಸಿಲೇರುವ ಮುಂಚೆ, ತೆನೆಯನ್ನು ಗಿಡದಲ್ಲೇ ಉಳಿಸಿ ಹೂವಷ್ಟನ್ನೇ ಮೆಲ್ಲಗೆ ಎಳೆದು ಬಿಡಿಸಬೇಕು. ಬಿಡಿಸಿದರೆ ಅದೇ ತೆನೆಯಲ್ಲಿ ಮತ್ತೆ ಹೂ ಬರುತ್ತದೆ, ಬಿಡಿಸದೆ ಬಿಟ್ಟರೆ ಬೀಜ ಕಟ್ಟಿ ಒಣಗುತ್ತದೆ. ಜ್ವರ, ಹಬ್ಬ, ಬಂದ್, ಎರಡನೇ ಶನಿವಾರ ಯಾವುದೂ ಅದಕ್ಕೆ ಗೊತ್ತಿಲ್ಲ.

ನಿಯಮದ ಪ್ರಕಾರ ಆ ಹೂವನ್ನು ಹರಾಜು ಹಾಕಬೇಕು. ಹರಾಜಿಗೆ ಯಾರೂ ಬರುತ್ತಿರಲಿಲ್ಲ, ಏಕೆಂದರೆ ನಾವು ಯಾರನ್ನೂ ಕರೆಯುತ್ತಿರಲಿಲ್ಲ. ಒಂದು ಪಾಲು ಅಧಿಕಾರಿಗಳ ಮನೆಯ ಪೂಜೆಗೆ, ಒಂದು ಪಾಲು ಕಚೇರಿಯ ಗೋಡೆಯ ಮಹನೀಯರಿಗೆ, ಮಿಕ್ಕದ್ದು ನರಸಮ್ಮನ ಮಡಿಲಿಗೆ ಹೋಗುತ್ತಿತ್ತು. ಅವಳು ಕಟ್ಟಿ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಿದ್ದಳು. ಇದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಯಾರೂ ಮಾತಾಡುತ್ತಿರಲಿಲ್ಲ.

ಹೀಗಿರುವಾಗ ಪ್ರಸನ್ನಕುಮಾರ್ ಎಂಬ ಹೊಸ ಸಾಹೇಬರು ಬಂದರು. ಒಳ್ಳೆಯವರು. ಇದನ್ನು ದೂರು ಎಂದೇ ತಿಳಿಯಿರಿ. ಲಂಚ ಮುಟ್ಟುತ್ತಿರಲಿಲ್ಲ, ಹೊತ್ತಿಗೆ ಸರಿಯಾಗಿ ಬರುತ್ತಿದ್ದರು, ಸಹಿ ಹಾಕುವ ಮೊದಲು ಕಡತ ಓದುತ್ತಿದ್ದರು. ಕೆಟ್ಟ ಮೇಲಧಿಕಾರಿಯಾದರೆ ಅವರಿಗೆ ಏನು ಬೇಕೆಂದು ತಿಳಿದು ಸಂಭಾಳಿಸಬಹುದು. ಒಳ್ಳೆಯವರಿಗೆ ಯಾವಾಗ ಏನು ಒಳ್ಳೆಯದೆನ್ನಿಸುತ್ತದೋ ಹೇಳಲು ಬರುವುದಿಲ್ಲ. ಬಂದ ಮೊದಲ ದಿನವೇ ಮೆಟ್ಟಿಲ ಮೇಲೆ ನಿಂತು ಕನಕಾಂಬರದ ಮಡಿ ನೋಡಿದರು.

"ಶಾರದಮ್ಮನವರೇ, ಇದರಿಂದ ಪರಿಸರಕ್ಕೆ ಏನು ಉಪಯೋಗ?"

"ಚೆಂದ ಕಾಣತ್ತೆ ಸರ್."

"ಚೆಂದ!" ಎಂದರು, ನಾನು ಕಮಿಷನ್ ಎಂದೆನೇನೋ ಎಂಬಂತೆ. ಕನಕಾಂಬರ ಕಿತ್ತು ಅಲ್ಲಿ ನೇರಳೆ ಮರ ಬೆಳೆಸಬೇಕು ಎಂದು ಅಲ್ಲೇ ತೀರ್ಮಾನವಾಯಿತು. ಆದರೆ ಅವರು ನ್ಯಾಯವಂತರಲ್ಲವೇ, ತೀರ್ಮಾನವಾದ ಮೇಲೆ ಕಾರಣ ಹುಡುಕಲು ನನಗೆ ಹೇಳಿದರು. ಉದ್ಯಾನಕ್ಕೆ ಬಹುವಾರ್ಷಿಕ ಹೂಗಿಡ ಸೂಕ್ತವೋ ನಿತ್ಯಹಸಿರು ಮರ ಸೂಕ್ತವೋ ಎಂದು ತುಲನಾತ್ಮಕ ಟಿಪ್ಪಣಿ ಬರೆದುಕೊಡಬೇಕು.

ಬರೆಯಲು ಕೂತೆ. ನೀರು, ಆಯಸ್ಸು, ನೆರಳು, ಹಕ್ಕಿಪಕ್ಷಿ, ಎಲ್ಲದರಲ್ಲೂ ಮರವೇ ಗೆಲ್ಲುತ್ತಿತ್ತು. ಕೊನೆಗೆ ನಿರ್ವಹಣೆ ಎಂಬಲ್ಲಿ ಪೆನ್ನು ನಿಂತಿತು. ಹೂಗಿಡಕ್ಕೆ ದಿನವೂ ಒಬ್ಬ ಕೂಲಿಯಾಳು ಬೇಕು. ಮರಕ್ಕೆ, ಬೇರು ಹಿಡಿದ ಮೇಲೆ, ಯಾರೂ ಬೇಡ. ಆ ‘ಒಬ್ಬ ಕೂಲಿಯಾಳು’ ಕಿಟಕಿಯಾಚೆ ಬಗ್ಗಿಕೊಂಡು ಕಳೆ ಕೀಳುತ್ತ ಯಾರನ್ನೋ ಬೈಯುತ್ತಿದ್ದಳು. ಪರಿಸರ ಉಳಿಸುವ ಭರದಲ್ಲಿ ನಾವು ಮೊದಲು ತೆಗೆದುಹಾಕಬೇಕಾದದ್ದು ಅವಳನ್ನು.

ಸಾಹೇಬರ ಹತ್ತಿರ ಹೋಗಿ ಸುತ್ತುಬಳಸಿ ಮಾತು ತೆಗೆದೆ.

"ಸರ್, ನೇರಳೆ ಬೇರು ಕಟ್ಟಡಕ್ಕೆ ತೊಂದರೆ ಕೊಡಬಹುದು."

"ದೂರ ಹಾಕೋಣ."

"ಹಣ್ಣು ಉದುರಿ ನೆಲವೆಲ್ಲ ನೀಲಿಯಾಗತ್ತೆ."

"ಹಕ್ಕಿಗಳು ಬರ್ತಾವೆ."

"ಹಕ್ಕಿ ಬಂದ್ರೆ ನಿಮ್ಮ ಜೀಪಿನ ಮೇಲೆ..."

"ತೊಳೆದರಾಯ್ತು. ಅಲ್ಲ ಶಾರದಮ್ಮನವರೇ, ಈ ಇಲಾಖೆಯಲ್ಲಿದ್ದುಕೊಂಡು ನೀವು ಮರದ ವಿರುದ್ಧ ಮಾತಾಡ್ತಿದ್ದೀರಲ್ಲ?"

ಮರದ ವಿರುದ್ಧ ವಾದ ಮಾಡಿ ಯಾರಾದರೂ ಗೆದ್ದಾರೆಯೇ? ನಿಜವಾದ ಕಾರಣ ಹೇಳುವಂತಿರಲಿಲ್ಲ. ನರಸಮ್ಮನ ಹೆಸರೆತ್ತಿದರೆ, ಕಡತ ಓದುವ ಈ ಮನುಷ್ಯ ಅವಳ ಕಡತವನ್ನೂ ತರಿಸಿ ಓದುತ್ತಾರೆ. ಅವಳನ್ನು ಯಾರು, ಯಾವ ಆದೇಶದ ಮೇಲೆ ಇಟ್ಟುಕೊಂಡರು ಎಂಬುದಕ್ಕೆ ಅದರಲ್ಲಿ ಸರಿಯಾದ ದಾಖಲೆಯೇ ಇರಲಿಲ್ಲ.

ಅವಳಿಗಾದರೂ ತಿಳಿಸೋಣವೆಂದು ಮಧ್ಯಾಹ್ನ ಹೊರಗೆ ಹೋದೆ. ಗೋಡೆಯ ಬುಡದಲ್ಲಿ ಬಿದ್ದಿದ್ದ ಗೇಣಗಲದ ನೆರಳಿನಲ್ಲಿ ಮೈ ಮಡಚಿಕೊಂಡು ಮುದ್ದೆ ಉಣ್ಣುತ್ತಿದ್ದಳು. ಸಾವಿನ ಸುದ್ದಿ ಹೇಳುವವರ ದನಿಯಲ್ಲಿ ಎಲ್ಲ ಹೇಳಿದೆ.

"ಹಾಕ್ಲಿ ಬುಡಿ ಮೇಡಮ್ನೋರೆ, ಮರಾನೇ ಹಾಕ್ಲಿ" ಎಂದಳು.

"ಏನು ಹಾಕ್ಲಿ ಬಿಡಿ? ಹೂವು ಹೋದ್ರೆ ನೀನೂ ಹೋದ ಹಾಗೆ ಕಣೆ."

"ಅದು ಗೊತ್ತಾಗಾಕಿಲ್ವಾ ನಂಗೆ? ಆದ್ರೂ ಕೇಳಿ. ಈ ಹೂವು ನನ್ನ ಒಂದಿನಾನಾರ ಬುಟ್ಟೈತಾ? ವಳ್ಳೂರಾಗೆ ನಮ್ಮಕ್ಕನ ಮಗಳ ಮದ್ವೆ ಆಯ್ತು. ಧಾರೆ ಮುಗೀತಿದ್ದಂಗೆ ಊಟಕ್ಕೂ ಕೂರ್ದೆ ಬಸ್ ಹತ್ಕಂಡು ಬಂದ್ಬುಟ್ಟೆ. ಶಿರಾದಾಗೆ ನನ್ ಮಗಳು ಚೊಚ್ಚಲ ಹೆತ್ತಾಗ ಅವರತ್ತೆ ಬಾಣಂತನ ಮಾಡುದ್ಲು, ನಾನು ಇಲ್ಲಿ ಹೂವಿಗೆ ಬಾಣಂತನ ಮಾಡ್ತಿದ್ದೆ. ನಿಮ್ಗೆ ಸಿ.ಎಲ್. ಐತೆ, ಇ.ಎಲ್. ಐತೆ. ನಂಗೇನೈತೆ? ಮರ ಆದ್ರೆ ನಾಕು ದಿನ ನೋಡ್ದಿದ್ರೂ ನಿಂತಿರ್ತೈತೆ. ಉಣ್ಣಾಕಾದ್ರೂ ಒಸಿ ನೆಳ್ಳಾಯ್ತದೆ."

ಅವಳ ಪರವಾಗಿ ಕನಕಾಂಬರದ ಪಕ್ಷ ವಹಿಸಿ ಜಗಳ ಕಾದು ಬಂದಿದ್ದೆ. ನೋಡಿದರೆ ಅವಳು ಮೊದಲಿನಿಂದಲೂ ಮರದ ಪಕ್ಷ.

"ಮರ ಹಾಕಿದ್ಮೇಲೆ ನಿನ್ನ ಯಾಕೆ ಇಟ್ಕೋತಾರೆ, ಅದು ಹೇಳು."

"ಅದೇ ನೋಡಿ" ಎಂದು ತುತ್ತು ಮುರಿದಳು. "ಮರಾನೂ ಇರ್ಬೇಕು, ನಾನೂ ಇರ್ಬೇಕು. ಅಂಗೇನಾರ ಬರ್ಕಳಿ. ನೀವು ಓದ್ದೋರಲ್ವಾ?"

ಅಷ್ಟರಲ್ಲಿ ಸಾಹೇಬರಿಗೆ ಇನ್ನೊಂದು ಒಳ್ಳೆಯ ಯೋಚನೆ ಬಂತು. ಕೆಲಸ ಮಾಡುವವರ ಅಭಿಪ್ರಾಯ ಕೇಳದೆ ಏನೂ ಮಾಡಬಾರದು ಎಂದು ನರಸಮ್ಮನನ್ನು ಒಳಗೆ ಕರೆಸಿದರು. ಕುರ್ಚಿ ತೋರಿಸಿದರು. ಆ ಕೋಣೆಯಲ್ಲಿ ಅವಳಿಗೆ ಅದುವರೆಗೆ ಯಾರೂ ಕುರ್ಚಿ ತೋರಿಸಿರಲಿಲ್ಲ.

"ಬ್ಯಾಡಿ ಸಾ, ಅದ್ರ ಮ್ಯಾಲೆ ಕೂತ್ರೆ ಮಾತು ಬರಾಕಿಲ್ಲ" ಎಂದು ಬಾಗಿಲಿಗೊರಗಿ ನಿಂತಳು.

"ನರಸಮ್ಮ, ನಿಮ್ಮ ಅನುಭವದಲ್ಲಿ ಹೇಳಿ. ತೋಟಕ್ಕೆ ಹೂವಿನ ಗಿಡ ಒಳ್ಳೇದೋ, ವರ್ಷವೆಲ್ಲ ಹಸಿರಾಗಿರೋ ಮರ ಒಳ್ಳೇದೋ?"

ಅವಳು ನನ್ನ ಕಡೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಹೂವು ಬಿಡ್ಸಾಕೆ ಬ್ಯಾರೆಯೋರು ಇದ್ರೆ ಹೂವೇ ಒಳ್ಳೇದು ಸಾ. ಕಸ ಗುಡ್ಸಾಕೆ ಬ್ಯಾರೆಯೋರು ಇದ್ರೆ ಮರಾನೇ ಒಳ್ಳೇದು."

ಸಾಹೇಬರು ಮನಸಾರೆ ನಕ್ಕರು. "ಎಷ್ಟು ಚೆನ್ನಾಗಿ ಹೇಳಿದಿರಿ!" ಎಂದು, ನಾನು ಅರ್ಧ ಬರೆದಿದ್ದ ಟಿಪ್ಪಣಿಯನ್ನು ತರಿಸಿಕೊಂಡು ಅದರ ಅಂಚಿನಲ್ಲಿ ಏನೋ ಬರೆದರು. ಆಮೇಲೆ ನೋಡಿದೆ. ‘ಕಾರ್ಮಿಕರ ಸಹಮತವಿದೆ’ ಎಂದು ಬರೆದಿದ್ದರು.

ಆದರೆ ‘ಕಸ’ ಎಂಬ ಮಾತು ನನ್ನ ತಲೆಯಲ್ಲಿ ಉಳಿಯಿತು. ನಿತ್ಯಹಸಿರು ಎಂದರೆ ಎಲೆಯೇ ಉದುರದ ಮರ ಎಂದು ಬಹಳ ಜನ ತಿಳಿದಿದ್ದಾರೆ. ಉದುರುತ್ತದೆ. ಬೋಳಾಗುವ ಮರ ವರ್ಷಕ್ಕೊಮ್ಮೆ ಎಲ್ಲವನ್ನೂ ಕೊಡವಿ ಕೈತೊಳೆದುಕೊಳ್ಳುತ್ತದೆ. ನಿತ್ಯಹಸಿರಿನದು ಸರ್ಕಾರಿ ಕೆಲಸದ ಹಾಗೆ, ವರ್ಷವಿಡೀ ಸ್ವಲ್ಪ ಸ್ವಲ್ಪವೇ, ಎಂದೂ ಮುಗಿಯುವುದಿಲ್ಲ. ಕೂತು ಬರೆದೆ. ನೇರಳೆಯೇ ಸೂಕ್ತ. ಆದರೆ ಎಲೆ ನಿತ್ಯ ಉದುರುವುದರಿಂದ ಆವರಣದ ಸ್ವಚ್ಛತೆಗಾಗಿ ದಿನವೂ ಗುಡಿಸಲು ಒಬ್ಬ ಕೂಲಿಯಾಳು ಅಗತ್ಯ. ಮರ ಬೆಳೆಯುವವರೆಗೆ ಮಡಿಯ ಅರ್ಧ ಭಾಗದಲ್ಲಿ ಕನಕಾಂಬರ ಇರಬಹುದು, ಅರೆನೆರಳಿನಲ್ಲೂ ಅದು ಬರುತ್ತದೆ. ಸ್ವಚ್ಛತೆ ಎಂಬ ಪದ ಕಂಡದ್ದೇ ಸಾಹೇಬರು ಖುಷಿಯಿಂದ ಸಹಿ ಹಾಕಿದರು. ಸಹಿಯ ಕೆಳಗೆ ಒಂದು ಸಾಲನ್ನೂ ಸೇರಿಸಿದರು. ದಿನವೂ ಗುಡಿಸುವ ಮುಂಚೆ ಒಂದು, ಗುಡಿಸಿದ ಮೇಲೆ ಒಂದು ಫೋಟೋ ತೆಗೆದು ಇಲಾಖೆಯ ವಾಟ್ಸಾಪ್ ಗುಂಪಿಗೆ ಹಾಕತಕ್ಕದ್ದು.

ನೇರಳೆ ಸಸಿಗಳು ಬಂದವು. ಮೊಣಕಾಲೆತ್ತರ. ಒಂದೊಂದರಲ್ಲೂ ಇದ್ದ ಎಲೆಗಳನ್ನು ನೋಡಿದರೆ, ಉದುರುವುದಿರಲಿ, ಜೋರಾಗಿ ಉಸಿರು ಬಿಡಲೂ ಭಯವಾಗುತ್ತಿತ್ತು. ಮೊದಲ ದಿನ ಬೆಳಿಗ್ಗೆ ನಾನು ಮೊಬೈಲ್ ಹಿಡಿದು, ನರಸಮ್ಮ ಪೊರಕೆ ಹಿಡಿದು, ಬರೀ ನೆಲ ನೋಡುತ್ತ ನಿಂತೆವು.

"ಎಲೆ ಎಲ್ಲೈತೆ ಮೇಡಮ್ನೋರೆ?"

"ಬರತ್ತೆ, ಮರ ದೊಡ್ಡದಾಗ್ಲಿ."

"ಅಲ್ಲೀಗಂಟ ಫೋಟೋ?"

ನಾನು ಉತ್ತರ ಹುಡುಕುವಷ್ಟರಲ್ಲಿ ಅವಳು ಮಂಕರಿ ತೆಗೆದುಕೊಂಡು ಗೇಟು ದಾಟಿದಳು. ರಸ್ತೆ ಬದಿಯ ದೊಡ್ಡ ಹೊಂಗೆಮರದ ಬುಡದಿಂದ ಒಣಗಿದ ಎಲೆ ತುಂಬಿಕೊಂಡು ಬಂದು, ನೇರಳೆ ಸಸಿಗಳ ನಡುವೆ ಅಕ್ಷತೆ ಹಾಕಿದಂತೆ ಎರಚಿದಳು. "ಈಗ ಇಡ್ಕಳಿ ಫೋಟೋ" ಎಂದಳು. ಹಿಡಿದೆ. ಗುಡಿಸಿದಳು. ಇನ್ನೊಂದು ಹಿಡಿದೆ. ಗುಡಿಸಿದ ಎಲೆಯನ್ನು ಮರುದಿನಕ್ಕೆ ಬೇಕಾಗುತ್ತದೆಂದು ಸಸಿಗಳ ಬುಡಕ್ಕೇ ಒತ್ತಿ ಇಟ್ಟಳು. ನಮ್ಮ ಆವರಣದ ಸ್ವಚ್ಛತೆ ನೋಡಿ ಗುಂಪಿನಲ್ಲಿ ಮೇಲಿನವರೆಲ್ಲ ಹೆಬ್ಬೆರಳು ಎತ್ತತೊಡಗಿದರು. ಬೇರೆ ತಾಲ್ಲೂಕಿನವರಿಗೆ ನಮ್ಮನ್ನು ನೋಡಿ ಕಲಿಯಿರಿ ಎಂದು ಸೂಚನೆಯೂ ಹೋಯಿತು. ನನ್ನ ಇಡೀ ಸೇವೆಯಲ್ಲಿ ಹೊಗಳಿಕೆ ಬಂದ ಒಂದೇ ಕಾರ್ಯಕ್ರಮ ಅದು.

ಒಂದು ಬೆಳಿಗ್ಗೆ ಸಾಹೇಬರು ನನ್ನನ್ನು ಕರೆದರು. ಮೊಬೈಲಿನಲ್ಲಿ ಆ ದಿನದ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನನ್ನ ಕಡೆ ತಿರುಗಿಸಿದರು.

"ಶಾರದಮ್ಮನವರೇ, ನಮ್ಮ ನೇರಳೆ ಹೊಂಗೆ ಎಲೆ ಉದುರಿಸ್ತಿದೆಯಲ್ಲ. ಯಾವ ತಳಿ ಇದು?"

ನನ್ನ ನಿವೃತ್ತಿಗೆ ಮೂರು ನಾಲ್ಕು ವರ್ಷವಷ್ಟೇ ಉಳಿದಿತ್ತು. ಈ ವಯಸ್ಸಿನಲ್ಲಿ ನೋಟಿಸು, ವಿಚಾರಣೆ, ಪಿಂಚಣಿಗೆ ತಡೆ, ಎಲ್ಲ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಅದಕ್ಕಿಂತ ಹೆಚ್ಚಾಗಿ, ನರಸಮ್ಮನನ್ನು ಅಂದೇ ಮನೆಗೆ ಕಳಿಸುತ್ತಾರೆ ಅನ್ನಿಸಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ತುಂಬಿದ ಮಂಕರಿ ಸೊಂಟಕ್ಕಿಟ್ಟುಕೊಂಡು ಕಿಟಕಿಯ ಮುಂದೆ ಹಾದು ಹೋದಳು. ಸಾಹೇಬರು ಎದ್ದು ಹೊರಗೆ ನಡೆದರು. ನಾನು ಹಿಂದೆ ಓಡಿದೆ.

"ಏನಮ್ಮ ಇದು? ಕಸವನ್ನ ಹೊರಗಿಂದ ತಂದು ಹಾಕ್ತಿದ್ದೀರಾ?"

ನರಸಮ್ಮ ಮಂಕರಿ ಇಳಿಸಿದಳು. "ಕಸ ಇಲ್ದೆ ಗುಡ್ಸಾದೆಂಗೆ ಸಾ? ಗುಡ್ಸೋಕ್ ಮುಂಚೆ ಒಂದು ಫೋಟೋ ಅಂತ ನೀವೇ ಬರ್ದೀರಂತೆ."

ಸಾಹೇಬರು ನನ್ನ ಕಡೆ ತಿರುಗಿದರು. ಇನ್ನು ಸುತ್ತುಬಳಸಿ ಫಲವಿರಲಿಲ್ಲ.

"ಸರ್, ಹೂವು ತೆಗೆದ್ರೆ ಇವಳಿಗೆ ಕೆಲಸ ಇಲ್ಲ. ಅದಕ್ಕೇ ಎಲೆ ಉದುರತ್ತೆ ಅಂತ ಬರೆದೆ. ಉದುರೋಕೆ ಇನ್ನೂ ಕೆಲವು ವರ್ಷ ಬೇಕು. ಅಲ್ಲೀವರೆಗೆ ಇವಳೇ ಉದುರಿಸ್ತಿದ್ದಾಳೆ."

"ಮೊದಲೇ ನನಗೆ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀವು ಇವಳ ಕಡತ ತರಿಸ್ತಿದ್ರಿ."

"ತರಿಸ್ತಿದ್ದೆ" ಎಂದು ಒಪ್ಪಿಕೊಂಡರು. ಒಳ್ಳೆಯವರ ಕಷ್ಟ ಅದು.

ಸಾಹೇಬರು ಪ್ಯಾಂಟು ಮೇಲೆತ್ತಿಕೊಂಡು ಒಂದು ಸಸಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಬುಡದಲ್ಲಿ ಒತ್ತಿಟ್ಟಿದ್ದ ಹೊಂಗೆ ಎಲೆಗಳನ್ನು ಸರಿಸಿ ಮಣ್ಣು ಮುಟ್ಟಿದರು. ಪಕ್ಕದ ಬರೀ ನೆಲ ಮುಟ್ಟಿದರು. ಮತ್ತೆ ಎಲೆಯ ಕೆಳಗಿನ ಮಣ್ಣು ಮುಟ್ಟಿದರು.

"ನೀರು ಯಾವಾಗ ಹಾಕಿದ್ದು?"

"ಮೊನ್ನೆ ಸಾ."

"ಇನ್ನೂ ಒದ್ದೆ ಇದೆ." ಎದ್ದು ಕೈ ಕೊಡವಿಕೊಂಡರು. ಅವರ ಮುಖದಲ್ಲಿ ಪರೀಕ್ಷೆಯಲ್ಲಿ ಉತ್ತರ ನೆನಪಾದವರ ಕಳೆ ಬಂತು. "ಇದು ಕಸ ಅಲ್ಲ ಶಾರದಮ್ಮನವರೇ, ಮುಚ್ಚಿಗೆ! ಸಸಿ ಬುಡಕ್ಕೆ ಎಲೆ ಹೊದಿಸಿದ್ರೆ ತೇವ ಉಳಿಯತ್ತೆ ಅಂತ ನಾವೇ ರೈತರಿಗೆ ಹೇಳ್ತೀವಲ್ಲ. ಹೊರಗಿಂದ ತರೋದು ಸರಿ ಇದೆ. ಗುಡಿಸೋದೇ ತಪ್ಪು. ಗುಡಿಸೋದು ನಿಲ್ಲಿಸಿ, ತರೋದು ಮುಂದುವರಿಸಿ. ಟಿಪ್ಪಣಿಯಲ್ಲಿ ತಿದ್ದುಪಡಿ ಮಾಡಿ ತನ್ನಿ. ನಿಮಗೆ ಬೇಕಾಗಿದ್ದ ಆ ಒಬ್ಬ ಕೂಲಿಯಾಳು ಇದಕ್ಕೆ ಬೇಕು."

ಹೊಸಬರು ಗಮನಿಸಬೇಕು. ನಮ್ಮ ಕೆಲಸದಲ್ಲಿ ಸುಳ್ಳಿಗೂ ವಿಜ್ಞಾನಕ್ಕೂ ನಡುವೆ ಬಹಳ ಸಲ ಒಂದು ಪದದ ಅಂತರವಿರುತ್ತದೆ. ಆ ಪದ ಸಿಗುವವರೆಗೆ ಅದು ಅಪರಾಧ, ಸಿಕ್ಕಮೇಲೆ ಅದು ಮಾದರಿ ಕಾರ್ಯಕ್ರಮ. ಪದ ಹುಡುಕಿಕೊಟ್ಟವರು ನಮ್ಮ ಸಾಹೇಬರೇ ಎಂಬುದನ್ನು ನಾನು ಮರೆಯಲಾರೆ. ನಾನು ಬಿಟ್ಟು ಬರುವಾಗಲೂ ಆ ಸಾಲು ಕಡತದಲ್ಲಿತ್ತು, ನರಸಮ್ಮ ಮಡಿಯ ಹತ್ತಿರವಿದ್ದಳು, ನೇರಳೆ ಆಳೆತ್ತರ ದಾಟಿ ತನ್ನ ಎಲೆಯನ್ನು ತಾನೇ ಉದುರಿಸಲು ಕಲಿತಿತ್ತು.

"ಗುಡುಸ್ದಂಗಿರಾಕೂ ಕೂಲಿ ಕೊಡ್ತಾರಾ ಮೇಡಮ್ನೋರೆ?" ಎಂದು ಅವಳು ಅಂದು ಸಾಹೇಬರ ಬೆನ್ನ ಹಿಂದೆ ಪಿಸುಗುಟ್ಟಿದಳು.

"ಸುಮ್ನಿರು. ನಮಗೆಲ್ಲ ಕೊಡ್ತಿರೋದು ಅದಕ್ಕೇ" ಎಂದೆ.

ಅದಾದ ಸ್ವಲ್ಪ ದಿನಕ್ಕೆ ಶಿರಾದಲ್ಲಿದ್ದ ಅವಳ ಮಗಳಿಗೆ ಎರಡನೇ ಹೆರಿಗೆಯ ದಿನ ಹತ್ತಿರ ಬಂತು. ನರಸಮ್ಮ ಸೆರಗು ಹೊದ್ದುಕೊಂಡು ಸಾಹೇಬರ ಬಾಗಿಲಲ್ಲಿ ನಿಂತಳು. ದಿನಗೂಲಿಯವರಿಗೆ ರಜೆ ಕೊಡಲು ನಿಯಮವಿಲ್ಲ ಎಂದು ಸಾಹೇಬರು ಮೊದಲು ನಿಯಮ ಹೇಳಿದರು. ಆಮೇಲೆ, ಮುಚ್ಚಿಗೆ ಹಾಕಿದ ಸಸಿಗಳು ಒಂದು ವಾರ ತಡೆಯುತ್ತವೆ, ಹೋಗಿ ಬನ್ನಿ ಎಂದರು.

"ಹೂವು ಸಾ?" ಅವಳು ಉಳಿದ ಅರ್ಧ ಮಡಿಯ ಕಡೆ ಕೈ ತೋರಿದಳು. "ಬುಡುಸ್ದಿದ್ರೆ ಒಣಗೋಯ್ತದೆ."

"ನಾವಿದ್ದೀವಲ್ಲ ನರಸಮ್ಮ!"

ಅವಳು ಆ ‘ನಾವು’ ಯಾರೆಂದು ತಿಳಿಯದೆ ಸಾಹೇಬರನ್ನೂ ನನ್ನನ್ನೂ ನೋಡಿ, ನಂಬಿಕೆಯಿಲ್ಲದೆಯೇ ಬಸ್ ಹತ್ತಿದಳು.

ಮರುದಿನ ನನಗೆ ಮಧುಗಿರಿಯಲ್ಲಿ ಮೀಟಿಂಗ್ ಇತ್ತು. ಮುಗಿಸಿಕೊಂಡು ಬಂದಾಗ ಸಾಹೇಬರ ಮೇಜಿನ ಮೇಲೆ ಕನಕಾಂಬರದ ರಾಶಿ. ಹೂವೊಂದೇ ಅಲ್ಲ, ಹಸಿರು ತೆನೆಗಳ ಸಮೇತ, ದನಕ್ಕೆ ಹುಲ್ಲು ಕೊಯ್ದು ತಂದ ಹಾಗೆ. "ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟೆ ಶಾರದಮ್ಮನವರೇ. ಇದಕ್ಕೆ ಅವರು ಬೆಳಗೆಲ್ಲ ತಗೊಳ್ತಿದ್ರಲ್ಲ!" ಎಂದು ಸಾಹೇಬರು ಹೆಮ್ಮೆಯಿಂದ ನಕ್ಕರು. ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ಗೆಜೆಟೆಡ್ ಅಧಿಕಾರಿಯೊಬ್ಬರು ಸ್ವಂತ ಕೈಯಿಂದ ಹೂ ಬಿಡಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. ತಪ್ಪು ತೋರಿಸಲು ಮನಸ್ಸು ಬರಲಿಲ್ಲ. ಹೂ ಕಟ್ಟಲು ಇಬ್ಬರಿಗೂ ಬಾರದೆ ಅಷ್ಟನ್ನೂ ಬಕೆಟ್ಟಿನ ನೀರಿಗೆ ಹಾಕಿದೆವು. ನಡುವೆ ಸೇರಿಹೋಗಿದ್ದ ಕೆಲವು ಒಣ ತೆನೆಗಳ ಬೀಜಗಳು ನೀರು ತಾಗಿ ಟಪ್ ಟಪ್ ಎಂದು ಸಿಡಿಯತೊಡಗಿದವು. ಸಾಹೇಬರು ಚಿಕ್ಕ ಮಗುವಿನ ಹಾಗೆ ಬಕೆಟ್ಟಿಗೆ ಬಗ್ಗಿ ಕಿವಿಗೊಟ್ಟರು.

ವಾರ ಕಳೆದು ನರಸಮ್ಮ ಬಂದಳು. ಮೊಮ್ಮಗಳು ಹುಟ್ಟಿದ ಸಂತೋಷಕ್ಕೆ ಒಂದು ಪೊಟ್ಟಣ ಕಲ್ಲುಸಕ್ಕರೆ ತಂದಿದ್ದಳು. ಅದನ್ನು ನನ್ನ ಕೈಗಿಡುವ ಮುಂಚೆ ಅವಳ ಕಣ್ಣು ಮಡಿಯ ಮೇಲೆ ಬಿತ್ತು. ತೆನೆಯೇ ಇಲ್ಲದ ಬೋಳು ಗಿಡಗಳ ಹತ್ತಿರ ಹೋಗಿ ಒಂದೊಂದನ್ನೇ ಎತ್ತಿ ನೋಡಿದಳು.

"ಅಯ್ಯೋ ದೇವುಡಾ! ಯಾವನ್ಲಾ ಇದ್ನ ಕಿತ್ತೋನು? ತೆನೆ ಸಮೇತ ಬೋಳ್ಸವ್ನೆ! ಕಣ್ಣು ಕುಲ್ಡಾ? ಇವನ್ ಕೈ ಸೇದೋಗ! ಹೂವು ಮುಡ್ದಿರೋ ಹೆಂಗಸ್ರನ್ನಾರ ನೋಡಿಲ್ವಾ ಇವ್ನು, ಹುಟ್ದಾಗಿಂದ?"

ಸಾಹೇಬರು ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನರಸಮ್ಮ ತಲೆಯೆತ್ತಿ ನೇರವಾಗಿ ಅವರನ್ನೇ ಕೇಳಿದಳು. "ಯಾರ್ ಸಾ ಇದು ಮಾಡಿದ್ದು? ನಿಮ್ಗೆ ಗೊತ್ತಾ?"

ಲಂಚ ಮುಟ್ಟದ, ಕಡತ ತಿದ್ದದ, ಯಾರ ಮುಂದೆಯೂ ಮಾತು ತಿರುಗಿಸದ ಆ ಮನುಷ್ಯ ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಬೆಟ್ಟದ ಕಡೆ ನೋಡಿದರು.

"ಯಾರೋ ಗೊತ್ತಿಲ್ಲ ಕಣಮ್ಮ" ಎಂದು ಹೇಳಿ ಸರಸರನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವಳು ಮಧ್ಯಾಹ್ನದ ಊಟದವರೆಗೂ ಬೈಯುತ್ತಿದ್ದಳು. ಅವರು ಮಧ್ಯಾಹ್ನದ ಊಟದವರೆಗೂ ಹೊರಗೆ ಬರಲಿಲ್ಲ.